ತಲೆಯ ಗಾಯ ಮಾಯ್ದ ಮೇಲೆ ಮೆದುಳಿನೊಳಗೆ ನಡೆಯುವುದೇನು?

ಕಬ್ಬಿನ ಹಂಗಾಮು ಆರಂಭವಾಯಿತೆಂದರೆ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ರಸ್ತೆಗಳ ಸ್ವರೂಪವೇ ಬದಲಾಗುತ್ತದೆ. ಎರಡೆರಡು ಟ್ರೇಲರ್‌ಗಳನ್ನು ಎಳೆಯುತ್ತ, ಎಷ್ಟೋ ಸಲ ಹಿಂಬದಿಯಲ್ಲಿ ದೀಪವಾಗಲಿ ಹೊಳೆಯುವ ಪಟ್ಟಿಯಾಗಲಿ ಇಲ್ಲದೆ ಕತ್ತಲಲ್ಲಿ ಸಾಗುವ ಟ್ರ್ಯಾಕ್ಟರ್‌ಗಳು. ಅವುಗಳ ಹಿಂದೆ ಬರಿತಲೆಯಲ್ಲಿ ಬೈಕ್ ಓಡಿಸುವ ನಮ್ಮ ಮಕ್ಕಳು. ಸಂಕೇಶ್ವರದ ಬಳಿ ಹಾದುಹೋಗುವ ಪುಣೆ–ಬೆಂಗಳೂರು ಹೆದ್ದಾರಿಯ ವೇಗದ ಭಯ ಬೇರೆಯೇ. ಇದರ ಜೊತೆಗೆ ಅಟ್ಟದಿಂದ, ಗಿಡದಿಂದ, ಬಚ್ಚಲಲ್ಲಿ ಜಾರಿ ಬೀಳುವ ಹಿರಿಯರಿದ್ದಾರೆ. ನಮ್ಮ ಸೀಮೆಯಲ್ಲಿ ತಲೆಗೆ ಪೆಟ್ಟು ಮಾಡಿಕೊಂಡವರು ಒಬ್ಬರೂ ಇಲ್ಲದ ಊರನ್ನು ಹುಡುಕುವುದು ಕಷ್ಟ.

ಪೆಟ್ಟು ಬಿದ್ದ ಮನೆಯಲ್ಲಿ ಎರಡು ಮೂರು ದಿನಗಳ ಆತಂಕದ ನಂತರ ಒಂದು ಸಮಾಧಾನದ ಮಾತು ಕೇಳಿಬರುತ್ತದೆ: “ಸ್ಕ್ಯಾನಿಂಗ್‌ದಾಗ ಏನೂ ಬಂದಿಲ್ಲಂತ್ರೀ, ಇನ್ನ ಚಿಂತಿ ಇಲ್ಲ.” ಹೊಲಿಗೆ ಬಿಚ್ಚುತ್ತಾರೆ, ಬಂಧುಗಳು ಬಂದು ಮಾತನಾಡಿಸಿ ಹೋಗುತ್ತಾರೆ, ತಿಂಗಳೊಪ್ಪತ್ತಿನಲ್ಲಿ ಮನೆಯವರು ಆ ಘಟನೆಯನ್ನು ಮರೆಯುತ್ತಾರೆ. ಆದರೆ ಪೆಟ್ಟು ತಿಂದವನು ಮರೆಯಲಾರ; ಅಥವಾ ಅವನಿಗೆ ಎಲ್ಲವೂ ಮರೆಯತೊಡಗುತ್ತದೆ. ಮೊದಲು ಸೌಮ್ಯನಾಗಿದ್ದವನು ಸಣ್ಣ ಮಾತಿಗೂ ಸಿಡಿಯುತ್ತಾನೆ, ರಾತ್ರಿ ನಿದ್ರೆಯಿಲ್ಲ, ಲೆಕ್ಕ ತಪ್ಪುತ್ತದೆ, ಕೆಲಸದಲ್ಲಿ ಮನಸ್ಸು ನಿಲ್ಲುವುದಿಲ್ಲ. ಆಗ ಮನೆಯವರು ‘ಸೋಮಾರಿಯಾದ’ ಎನ್ನುತ್ತಾರೆ, ನೆರೆಯವರು ‘ಗಾಳಿ ಸೋಕಿದೆ’ ಎನ್ನುತ್ತಾರೆ. ಸ್ಕ್ಯಾನ್ ಸರಿಯಾಗಿಯೇ ಇತ್ತಲ್ಲ ಎಂಬ ಮಾತು ಅವನ ಮೇಲೆ ಸಾಕ್ಷಿಯಾಗಿ ನಿಲ್ಲುತ್ತದೆ.

ಆ ಸಾಕ್ಷಿ ಅಪೂರ್ಣವಾದುದೆಂದು ನಾವು ಹೇಳಬಯಸುತ್ತೇವೆ. ತುರ್ತು ಸಮಯದ ಸಿ.ಟಿ. ಸ್ಕ್ಯಾನ್ ರಕ್ತಸ್ರಾವವನ್ನು, ಬಾವನ್ನು, ಮೂಳೆಯ ಬಿರುಕನ್ನು ತೋರಿಸುತ್ತದೆ. ಪ್ರಾಣ ಉಳಿಸಲು ಅದು ಬೇಕೇಬೇಕು. ಆದರೆ ಮೆದುಳಿನ ಜೀವಕೋಶಗಳ ಮಟ್ಟದಲ್ಲಿ ನಡೆಯುವುದನ್ನು ಅದು ತೋರಿಸದು. ಅದನ್ನು ತೋರಿಸುವವರು ಬೇರೆ ಇದ್ದಾರೆ. ಗಾಯದ ನಂತರ ಮೆದುಳಿನ ರಕ್ಷಣಾ ಕೋಶಗಳ ಆಕಾರ ಎಷ್ಟು ಬದಲಾಯಿತೆಂದು ಸೂಕ್ಷ್ಮದರ್ಶಕದ ಅಡಿಯಲ್ಲಿ ಅಳೆಯುತ್ತ ಕುಳಿತಿರುವ ಸಂಶೋಧಕರ ಕೆಲಸವನ್ನು ನಮ್ಮ ಓದುಗರು ತಿಳಿದಿರಬೇಕೆಂಬುದು ನಮ್ಮ ಆಶಯ. ಏಕೆಂದರೆ ಆ ಅಳತೆಯಿಂದ ಹೊರಟ ಪ್ರಶ್ನೆ ನೇರವಾಗಿ ನಮ್ಮ ತಾಲ್ಲೂಕು ಆಸ್ಪತ್ರೆಯ ಬಾಗಿಲಿಗೆ ಬಂದು ನಿಲ್ಲುತ್ತದೆ.

ಮೆದುಳೆಂದರೆ ನರಕೋಶಗಳು ಮಾತ್ರವಲ್ಲ. ಅವುಗಳ ನಡುವೆ ‘ಮೈಕ್ರೋಗ್ಲಿಯಾ’ ಎಂಬ ಪುಟ್ಟ ಕೋಶಗಳು ಹರಡಿಕೊಂಡಿವೆ. ದೇಹದ ಉಳಿದ ಭಾಗಗಳನ್ನು ಕಾಯುವ ಬಿಳಿ ರಕ್ತಕಣಗಳು ಸಾಮಾನ್ಯ ಸ್ಥಿತಿಯಲ್ಲಿ ಮೆದುಳಿನ ಒಡಲೊಳಗೆ ಹೆಚ್ಚಾಗಿ ಪ್ರವೇಶಿಸುವುದಿಲ್ಲ. ಅಲ್ಲಿಯ ಕಾವಲು ಕೆಲಸ ಈ ಮೈಕ್ರೋಗ್ಲಿಯಾಗಳದು. ಇಲಿಗಳಲ್ಲಿ ನಡೆದ ಅಧ್ಯಯನವೊಂದು 2010ರಲ್ಲಿ ತೋರಿಸಿದಂತೆ, ಭ್ರೂಣದ ಅತ್ಯಂತ ಆರಂಭದ ಹಂತದಲ್ಲಿ ಭಂಡಾರಚೀಲದಲ್ಲಿ ಹುಟ್ಟುವ ಮೂಲಕೋಶಗಳು ಮೆದುಳಿಗೆ ಹೋಗಿ ನೆಲೆಸಿ ಮೈಕ್ರೋಗ್ಲಿಯಾ ಆಗುತ್ತವೆ. ಎಂದರೆ ಇವು ಹೊರಗಿನಿಂದ ಆಗಾಗ ಬಂದು ಹೋಗುವ ಕಾವಲುಗಾರರಲ್ಲ, ಮನೆಯಲ್ಲಿಯೇ ಹುಟ್ಟಿ ಬೆಳೆದ ಆಳುಮಕ್ಕಳಂಥವು. ಸತ್ತ ಕೋಶಗಳ ಕಸ ತೆಗೆಯುವುದು, ನರಕೋಶಗಳ ನಡುವಿನ ಬೇಡವಾದ ಕೂಡುಗಳನ್ನು ಸವರುವುದು, ಗಾಯವಾದಲ್ಲಿ ಧಾವಿಸುವುದು ಎಲ್ಲವೂ ಇವುಗಳ ಕಾಯಕ.

ಇವುಗಳನ್ನು ಮೊದಲು ಸ್ಪಷ್ಟವಾಗಿ ಗುರುತಿಸಿ ಹೆಸರಿಟ್ಟವರು ಸ್ಪೇನ್ ದೇಶದ ಪಿಯೊ ದೆಲ್ ರಿಯೊ ಹೋರ್ತೆಗಾ. 1919ರಲ್ಲಿ ಅವರು ಬೆಳ್ಳಿಯ ಲವಣದಿಂದ ಬಣ್ಣ ಕಟ್ಟುವ ಹೊಸ ವಿಧಾನವನ್ನು ಬಳಸಿ, ಅದುವರೆಗೆ ಯಾರಿಗೂ ಸರಿಯಾಗಿ ಕಾಣದಿದ್ದ ಈ ಕೋಶಗಳ ಎಳೆಎಳೆಯನ್ನು ಕಂಡರು. ಆರೋಗ್ಯವಂತ ಮೆದುಳಿನಲ್ಲಿ ಅದು ಎಲೆಯುದುರಿದ ಜಾಲಿಯ ಗಿಡದಂತೆ: ನಡುವೆ ಸಣ್ಣ ಒಡಲು, ಸುತ್ತಲೂ ಕವಲೊಡೆದ ಸಪೂರ ಟಿಸಿಲುಗಳು. ಪ್ರಾಣಿಗಳ ಮೆದುಳಿಗೆ ಗಾಯವಾದಾಗ ಅದೇ ಕೋಶ ಟಿಸಿಲುಗಳನ್ನು ಒಳಗೆಳೆದುಕೊಂಡು, ಒಡಲನ್ನು ದಪ್ಪವಾಗಿಸಿಕೊಂಡು, ಕೊನೆಗೆ ಅಮೀಬಾದಂತೆ ಗುಂಡಗಾಗುವುದನ್ನೂ ಅವರು ನೋಡಿ ಚಿತ್ರಿಸಿದರು. ಸ್ಪೇನಿನ ಅಂತರ್ಯುದ್ಧದಿಂದ ನೆಲೆ ತಪ್ಪಿ, ಕೊನೆಗೆ 1945ರಲ್ಲಿ ದೂರದ ಬ್ಯೂನೊಸ್ ಐರಿಸ್‌ನಲ್ಲಿ ತೀರಿಕೊಂಡ ಆ ವಿಜ್ಞಾನಿಯ ಕೈಬರಹದ ಚಿತ್ರಗಳು ನೂರು ವರ್ಷಗಳ ನಂತರವೂ ಹಳೆಯದಾಗಿಲ್ಲ. ಕಣ್ಣಿನಿಂದ ನೋಡಿ ಕೈಯಿಂದ ಬರೆದ ಚಿತ್ರದಲ್ಲಿಯೇ ಇಂದಿನ ಗಣಕಯಂತ್ರದ ಅಳತೆಯ ಬೀಜವಿತ್ತು.

ಬಹುಕಾಲ ಇವುಗಳ ಟಿಸಿಲೊಡೆದ ರೂಪವನ್ನು ‘ವಿಶ್ರಾಂತ ಸ್ಥಿತಿ’ ಎಂದು ಕರೆಯುತ್ತಿದ್ದರು. 2005ರಲ್ಲಿ ಜೀವಂತ ಇಲಿಯ ಮೆದುಳನ್ನು ವಿಶೇಷ ಲೇಸರ್ ಸೂಕ್ಷ್ಮದರ್ಶಕದಿಂದ ನೋಡಿದ ಎರಡು ತಂಡಗಳು ಆ ಹೆಸರು ತಪ್ಪೆಂದು ತೋರಿಸಿದವು. ಒಡಲು ಒಂದೆಡೆ ನೆಲೆನಿಂತಿದ್ದರೂ ಟಿಸಿಲುಗಳು ಎಡೆಬಿಡದೆ ಚಾಚುತ್ತ, ಹಿಂದೆಗೆಯುತ್ತ ಸುತ್ತಲಿನ ಜಾಗವನ್ನೆಲ್ಲ ತಡವಿ ನೋಡುತ್ತಿದ್ದವು. ಕೆಲವೇ ಗಂಟೆಗಳಲ್ಲಿ ಮೆದುಳಿನ ಇಡೀ ಒಡಲನ್ನು ಒಂದು ಸುತ್ತು ಪರೀಕ್ಷಿಸಿ ಮುಗಿಸುವಷ್ಟು ಚುರುಕು. ಲೇಸರ್‌ನಿಂದ ಒಂದು ಚುಕ್ಕೆಯಷ್ಟು ಗಾಯ ಮಾಡಿದಾಗ, ಸುತ್ತಲಿನ ಕೋಶಗಳೆಲ್ಲ ತಮ್ಮ ಟಿಸಿಲುಗಳನ್ನು ಅತ್ತ ಚಾಚಿ, ಅರ್ಧ ಗಂಟೆಯ ಆಸುಪಾಸಿನಲ್ಲಿ ಆ ಚುಕ್ಕೆಯನ್ನು ಬೇಲಿ ಹಾಕಿದಂತೆ ಸುತ್ತುವರಿದವು. ಗಾಯಗೊಂಡ ಕೋಶಗಳಿಂದ ಹೊರಸೂಸುವ ಎ.ಟಿ.ಪಿ. ಎಂಬ ರಾಸಾಯನಿಕವೇ ಅವುಗಳಿಗೆ ಕರೆ ಎಂಬುದೂ ಆಗ ತಿಳಿಯಿತು. ನಮ್ಮ ರಸ್ತೆಯಲ್ಲಿ ಬಿದ್ದವನ ಬಳಿಗೆ ಆಂಬುಲೆನ್ಸ್ ಬರುವ ಮುನ್ನವೇ ಅವನ ಮೆದುಳಿನೊಳಗಿನ ಆಳುಗಳು ಕೆಲಸಕ್ಕೆ ತೊಡಗಿರುತ್ತವೆ.

ಇನ್ನು ಅಳತೆಯ ವಿಚಾರ. ಆಕಾರವನ್ನು ಅಳೆಯುವುದೆಂದರೇನು? ಗಿಡವೊಂದು ‘ಸೊಂಪಾಗಿದೆ’, ‘ಬೋಳಾಗಿದೆ’ ಎಂದು ನಾವು ಹೇಳಬಲ್ಲೆವು. ಎಷ್ಟು ಸೊಂಪು, ಎಷ್ಟು ಬೋಳು ಎಂದು ಕೇಳಿದರೆ ಇಬ್ಬರ ಉತ್ತರ ಒಂದಾಗದು. ಆದುದರಿಂದ ಸಂಶೋಧಕರು ತೆಳುವಾಗಿ ಕತ್ತರಿಸಿದ ಮೆದುಳಿನ ಪದರಕ್ಕೆ ‘ಐಬಿಎ-1’ ಎಂಬ ಪ್ರೋಟೀನನ್ನು ಹುಡುಕಿ ಹಿಡಿಯುವ ಬಣ್ಣ ಕಟ್ಟಿ, ಚಿತ್ರ ತೆಗೆದು, ಒಂದೊಂದು ಕೋಶವನ್ನೂ ಎಣಿಸುತ್ತಾರೆ. ಒಡಲಿನ ವಿಸ್ತಾರವೆಷ್ಟು, ಟಿಸಿಲುಗಳ ಒಟ್ಟು ಉದ್ದವೆಷ್ಟು, ಎಷ್ಟು ಕಡೆ ಕವಲೊಡೆದಿದೆ, ಎಷ್ಟು ತುದಿಗಳಿವೆ ಎಂದು ಗಣಕಯಂತ್ರ ಲೆಕ್ಕ ಹಾಕುತ್ತದೆ. ಇವುಗಳಲ್ಲಿ ನಮಗೆ ಬಹಳ ಮೆಚ್ಚುಗೆಯಾದ ಉಪಾಯ ಲಂಡನ್ನಿನ ಡಿ. ಎ. ಶೋಲ್ 1953ರಲ್ಲಿ ಬೆಕ್ಕಿನ ನರಕೋಶಗಳಿಗಾಗಿ ರೂಪಿಸಿದ್ದು. ಬಾವಿಗೆ ಕಲ್ಲೆಸೆದರೆ ಒಂದರ ಸುತ್ತ ಒಂದು ಬಳೆಗಳು ಏಳುತ್ತವಲ್ಲ, ಹಾಗೆ ಕೋಶದ ಒಡಲನ್ನು ನಡುವಿಟ್ಟು ಸಮಾನ ಅಂತರದ ವೃತ್ತಗಳನ್ನು ಬರೆಯುವುದು. ಪ್ರತಿ ವೃತ್ತವನ್ನು ಎಷ್ಟು ಟಿಸಿಲುಗಳು ದಾಟುತ್ತವೆಂದು ಎಣಿಸುವುದು. ಸೊಂಪಾದ ಕೋಶದಲ್ಲಿ ದೂರದ ವೃತ್ತಗಳನ್ನೂ ಟಿಸಿಲುಗಳು ದಾಟುತ್ತವೆ, ಮುದುಡಿದ ಕೋಶದಲ್ಲಿ ಒಳಗಿನ ಒಂದೆರಡು ವೃತ್ತಗಳಲ್ಲಿಯೇ ಎಣಿಕೆ ಮುಗಿಯುತ್ತದೆ. ನರಕೋಶಕ್ಕೆಂದು ಹುಟ್ಟಿದ ಈ ವಿಧಾನವೇ ಇಂದು ಮೈಕ್ರೋಗ್ಲಿಯಾಗಳಿಗೂ ಅಳತೆಗೋಲಾಗಿದೆ.

ಗಾಯದ ನಂತರ ಕಾಣುವ ರೂಪಗಳು ಗುಂಡಗಿನದೊಂದೇ ಅಲ್ಲ. ಟಿಸಿಲು ಕಡಿಮೆಯಾಗಿ ದಪ್ಪಗಾದವು, ಪೊದೆಯಂತೆ ಕಿಕ್ಕಿರಿದವು, ಉದ್ದನೆಯ ಕಡ್ಡಿಯಂತಾದವು ಹೀಗೆ ಹಲವು. ಕಡ್ಡಿಯಂಥ ಕೋಶಗಳನ್ನು ಜರ್ಮನಿಯ ಫ್ರಾನ್ಜ್ ನಿಸ್ಸ್ಲ್ 1899ರಷ್ಟು ಹಿಂದೆಯೇ ಕಂಡಿದ್ದರು. ತಲೆಗೆ ಪೆಟ್ಟು ಬಿದ್ದ ಇಲಿಗಳ ಮೆದುಳಿನಲ್ಲಿ ಈ ಕಡ್ಡಿಗಳು ರೈಲಿನ ಡಬ್ಬಿಗಳಂತೆ ಒಂದರ ಬೆನ್ನಿಗೊಂದು ಸಾಲುಗಟ್ಟಿ ನಿಲ್ಲುವುದನ್ನು 2012ರಲ್ಲಿ ಅಮೆರಿಕದ ಸಂಶೋಧಕರು ವಿವರಿಸಿದರು. ಏಕೆ ಹೀಗೆ ಸಾಲಾಗುತ್ತವೆಂಬುದು ಇನ್ನೂ ಚರ್ಚೆಯಲ್ಲಿರುವ ವಿಷಯ.

ಇಲ್ಲಿ ನಾವು ಒಂದು ಎಚ್ಚರದ ಮಾತನ್ನು ಒತ್ತಿ ಹೇಳಬೇಕಾಗಿದೆ. ಆಕಾರ ಬದಲಾಯಿತೆಂದ ಮಾತ್ರಕ್ಕೆ ಕೋಶ ‘ಕೆಟ್ಟಿತು’ ಎಂದು ತೀರ್ಮಾನಿಸಲಾಗದು. ಅಂಗಳದಲ್ಲಿ ಓಡುತ್ತಿರುವ ಆಳನ್ನು ದೂರದಿಂದ ನೋಡಿದವರಿಗೆ ಅವನು ಬೆಂಕಿ ಹಚ್ಚಿ ಓಡುತ್ತಿದ್ದಾನೆಯೋ ಬೆಂಕಿ ಆರಿಸಲು ಓಡುತ್ತಿದ್ದಾನೆಯೋ ತಿಳಿಯುವುದಿಲ್ಲ. ಮೈಕ್ರೋಗ್ಲಿಯಾಗಳನ್ನು ‘ಒಳ್ಳೆಯವು’, ‘ಕೆಟ್ಟವು’ ಎಂದು ಎರಡು ಪಂಗಡ ಮಾಡುವ ಹಳೆಯ ರೂಢಿಯನ್ನು ಬಿಡಬೇಕೆಂದು 2022ರಲ್ಲಿ ಈ ಕ್ಷೇತ್ರದ ಹತ್ತಾರು ತಜ್ಞರು ಒಟ್ಟಾಗಿ ಬರೆದರು. ಅಳತೆಯಲ್ಲಿಯೂ ತೊಡಕುಗಳಿವೆ. ಪದರ ತೆಳುವಾದರೆ ಟಿಸಿಲುಗಳು ಅರ್ಧಕ್ಕೆ ಕತ್ತರಿಸಿಹೋಗಿ ಆರೋಗ್ಯವಂತ ಕೋಶವೂ ಮುದುಡಿದಂತೆ ಕಾಣುತ್ತದೆ. ಮೆದುಳಿನ ಒಂದು ಭಾಗದ ಕೋಶ ಇನ್ನೊಂದು ಭಾಗದ ಕೋಶದಂತಿಲ್ಲ, ವಯಸ್ಸಾದವರದು ಎಳೆಯರದರಂತಿಲ್ಲ. ಗಾಯದ ನಂತರ ರಕ್ತದಿಂದ ನುಗ್ಗಿಬರುವ ಬೇರೆ ರಕ್ಷಣಾ ಕೋಶಗಳಿಗೂ ಅದೇ ಐಬಿಎ-1 ಬಣ್ಣ ಹಿಡಿಯುತ್ತದೆ. ಎಣಿಸುವವನಿಗೆ ಯಾವುದು ಗಾಯಗೊಂಡ ಮೆದುಳು, ಯಾವುದು ಅಲ್ಲ ಎಂದು ಮೊದಲೇ ತಿಳಿದಿದ್ದರೆ ಅವನ ಕಣ್ಣು ತನಗೆ ಬೇಕಾದುದನ್ನೇ ಕಾಣುವ ಅಪಾಯವಿದೆ. ಆದ್ದರಿಂದ ಪ್ರಾಮಾಣಿಕ ಪ್ರಯೋಗಶಾಲೆಗಳಲ್ಲಿ ಚಿತ್ರಗಳ ಗುರುತನ್ನು ಮರೆಮಾಡಿ ಕೊಡುತ್ತಾರೆ. ಇಷ್ಟೆಲ್ಲ ಜಾಗರೂಕತೆಯಿಂದ ಅಳೆದುದನ್ನು ಮಾತ್ರ ನಂಬಬೇಕೆಂಬ ಈ ಶಿಸ್ತು ನಮಗೆ ಬಹಳ ಗೌರವದ್ದಾಗಿ ತೋರುತ್ತದೆ.

ಹಾಗಾದರೆ ಮನುಷ್ಯರ ವಿಷಯದಲ್ಲಿ ನಿಶ್ಚಿತವಾಗಿ ತಿಳಿದುದೇನು? ಎರಡು ಅಧ್ಯಯನಗಳನ್ನು ಹೇಳುತ್ತೇವೆ. 2011ರಲ್ಲಿ ಲಂಡನ್ನಿನ ಸಂಶೋಧಕರು ತಲೆಗೆ ಪೆಟ್ಟು ಬಿದ್ದು ಕನಿಷ್ಠ 11 ತಿಂಗಳು ಕಳೆದ 10 ಮಂದಿಗೆ ವಿಶೇಷ ಪೆಟ್ ಸ್ಕ್ಯಾನ್ ಮಾಡಿದರು. ಮೈಕ್ರೋಗ್ಲಿಯಾಗಳ ಚಟುವಟಿಕೆಯ ಗುರುತು ಇನ್ನೂ ಹೆಚ್ಚಾಗಿಯೇ ಇತ್ತು, ಅವರಲ್ಲಿ ಒಬ್ಬರಿಗೆ ಪೆಟ್ಟು ಬಿದ್ದು 17 ವರ್ಷಗಳಾಗಿದ್ದವು. ವಿಶೇಷವೆಂದರೆ ಆ ಗುರುತು ಪೆಟ್ಟು ಬಿದ್ದ ಜಾಗದಲ್ಲಿ ಅಷ್ಟಾಗಿ ಇರದೆ, ಅಲ್ಲಿಂದ ದೂರದ, ಮೆದುಳಿನ ಆಳದ ಭಾಗಗಳಲ್ಲಿ ಕಂಡಿತು. ಇನ್ನೊಂದು 2013ರದು. ಗ್ಲಾಸ್ಗೋ ನಗರದಲ್ಲಿ ಸಂಗ್ರಹಿಸಿಟ್ಟ ಮೆದುಳುಗಳನ್ನು ಪರೀಕ್ಷಿಸಿದಾಗ, ಒಂದೇ ಒಂದು ಸಲ ತೀವ್ರ ಪೆಟ್ಟು ತಿಂದು ಬದುಕಿ, ಬಹಳ ವರ್ಷಗಳ ನಂತರ ತೀರಿಕೊಂಡ ಕೆಲವರ ಮೆದುಳಿನಲ್ಲಿ, ಎಡ–ಬಲ ಭಾಗಗಳನ್ನು ಜೋಡಿಸುವ ಬಿಳಿಯ ಪಟ್ಟಿಯಲ್ಲಿ, ಗುಂಡಗಾದ ಮೈಕ್ರೋಗ್ಲಿಯಾಗಳು ಇನ್ನೂ ಗುಂಪುಗೂಡಿದ್ದವು. 18 ವರ್ಷಗಳ ನಂತರವೂ. ಎಲ್ಲರಲ್ಲಿಯೂ ಅಲ್ಲ ಎಂಬುದನ್ನು ಗಮನಿಸಬೇಕು. ಆದರೆ ಕೆಲವರಲ್ಲಿ ಗಾಯದ ಕೆಲಸ ಎರಡು ದಶಕಗಳಾಗುತ್ತ ಬಂದರೂ ಮುಗಿದಿರಲಿಲ್ಲ.

ನಮ್ಮ ವಾದದ ತಿರುಳು ಇಲ್ಲಿದೆ. ಪೊಲೀಸ್ ದಾಖಲೆಯಲ್ಲಿ ಅಪಘಾತಕ್ಕೆ ಒಂದು ದಿನಾಂಕವಿದೆ. ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿಯಲ್ಲಿ ಇನ್ನೊಂದು. ವಿಮೆಯವರ ಕಡತದಲ್ಲಿ ಮತ್ತೊಂದು. ಮೆದುಳಿನ ರಕ್ಷಣಾ ಕೋಶಗಳು ಈ ಯಾವ ದಿನಾಂಕವನ್ನೂ ಅರಿಯವು. ಅವುಗಳ ಲೆಕ್ಕ ತಿಂಗಳುಗಳದು, ಕೆಲವೊಮ್ಮೆ ವರ್ಷಗಳದು. ನಮ್ಮ ಆರೈಕೆಯ ವ್ಯವಸ್ಥೆ ಮಾತ್ರ ಹೊಲಿಗೆ ಬಿಚ್ಚುವ ದಿನಕ್ಕೇ ಬಾಗಿಲು ಹಾಕಿಕೊಳ್ಳುತ್ತದೆ.

ಈ ಮಾತನ್ನು ಕೇಳಿದ ಕೂಡಲೇ ಕೆಲವರು ‘ಹಾಗಾದರೆ ಮೆದುಳಿನ ಉರಿಯೂತ ಇಳಿಸುವ ಔಷಧಿ ಕೊಡಿ’ ಎಂದು ಹೊರಡುತ್ತಾರೆ. ಅಂಥ ಹೆಸರಿನ ಪುಡಿ, ಗುಳಿಗೆ, ಎಣ್ಣೆಗಳ ಜಾಹೀರಾತುಗಳು ಮೊಬೈಲಿನಲ್ಲಿ ಸಾಕಷ್ಟಿವೆ. ದಯವಿಟ್ಟು ಮರುಳಾಗಬಾರದು. ಉರಿಯೂತವನ್ನು ಅಡಗಿಸಿದರೆ ಒಳ್ಳೆಯದಾದೀತೆಂಬ ಊಹೆಯನ್ನು ವೈದ್ಯಲೋಕ ಬಹಳ ದುಬಾರಿ ಬೆಲೆ ತೆತ್ತು ಪರೀಕ್ಷಿಸಿದೆ. ತಲೆಗೆ ಪೆಟ್ಟಾದವರಿಗೆ ಸ್ಟೀರಾಯ್ಡ್ ಕೊಡುವ ರೂಢಿ ದಶಕಗಳ ಕಾಲ ಜಗತ್ತಿನ ಹಲವೆಡೆ ಇತ್ತು. 10,008 ರೋಗಿಗಳ ಮೇಲೆ ನಡೆದ ‘ಕ್ರಾಶ್’ ಎಂಬ ಅಂತರರಾಷ್ಟ್ರೀಯ ಅಧ್ಯಯನದ ಫಲಿತಾಂಶ 2004ರಲ್ಲಿ ಹೊರಬಂದಾಗ, ಎರಡು ವಾರಗಳೊಳಗೆ ತೀರಿಕೊಂಡವರು ಸ್ಟೀರಾಯ್ಡ್ ಪಡೆದವರಲ್ಲಿ ಶೇ. 21.1, ಪಡೆಯದವರಲ್ಲಿ ಶೇ. 17.9 ಎಂದು ತಿಳಿಯಿತು. ಉಳಿಸುತ್ತದೆಂದು ಕೊಟ್ಟ ಔಷಧಿಯೇ ಜೀವ ತೆಗೆಯುತ್ತಿತ್ತು. 2018ರ ಇನ್ನೊಂದು ಸಣ್ಣ ಅಧ್ಯಯನ ಇದಕ್ಕಿಂತ ಸೂಕ್ಷ್ಮವಾದುದು: ಹಳೆಯ ಪೆಟ್ಟಿನ 15 ಮಂದಿಯಲ್ಲಿ ಕೆಲವರಿಗೆ ಮಿನೊಸೈಕ್ಲಿನ್ ಎಂಬ ಔಷಧಿ ಕೊಟ್ಟಾಗ ಮೈಕ್ರೋಗ್ಲಿಯಾಗಳ ಚಟುವಟಿಕೆಯೇನೋ ತಗ್ಗಿತು, ಆದರೆ ನರತಂತುಗಳು ಸವೆಯುತ್ತಿರುವುದನ್ನು ಸೂಚಿಸುವ ವಸ್ತು ರಕ್ತದಲ್ಲಿ ಹೆಚ್ಚಿತು. ಓಡುತ್ತಿದ್ದ ಆಳನ್ನು ಹಿಡಿದು ಕೂರಿಸಿದರು. ಬೆಂಕಿ ಆರಿಸುತ್ತಿದ್ದವನು ಅವನೇ ಇರಬಹುದೆಂಬ ಅನುಮಾನ ಆಮೇಲೆ ಬಂತು. ಬಲ್ಲ ವೈದ್ಯರ ಸಲಹೆಯಿಲ್ಲದೆ ಅಂಗಡಿಯಿಂದ ತಂದ ಯಾವ ಮದ್ದನ್ನೂ ತಲೆಗೆ ಪೆಟ್ಟಾದವರಿಗೆ ಕೊಡಬಾರದೆಂಬ ನಮ್ಮ ಹಠಕ್ಕೆ ಇದೇ ಕಾರಣ.

ಔಷಧಿಯಿಲ್ಲದಿದ್ದ ಮೇಲೆ ತಿಳಿದು ಮಾಡುವುದೇನೆಂದು ಕೇಳಬಹುದು. ಬಹಳವಿದೆ. ತಲೆಗೆ ಪೆಟ್ಟಾದವರಿಗೆ ಬೇಕಾದುದರಲ್ಲಿ ಹೆಚ್ಚಿನ ಪಾಲು ಗುಳಿಗೆಯಲ್ಲ: ಸಾಕಷ್ಟು ನಿದ್ರೆ, ಮದ್ಯದಿಂದ ದೂರ, ಕೆಲಸಕ್ಕೆ ಹಂತಹಂತವಾಗಿ ಮರಳುವುದು, ಮತ್ತೊಮ್ಮೆ ಪೆಟ್ಟಾಗದಂತೆ ನೋಡಿಕೊಳ್ಳುವುದು, ಫಿಟ್ಸ್ ಬಂದರೆ ಕೂಡಲೇ ಚಿಕಿತ್ಸೆ, ಖಿನ್ನತೆ ಬಂದರೆ ಅದಕ್ಕೂ ಚಿಕಿತ್ಸೆ. ಎಲ್ಲಕ್ಕಿಂತ ಮೊದಲು, ಅವನ ಮರೆವು ಮತ್ತು ಸಿಟ್ಟು ಗಾಯದ ಭಾಗವೇ ಹೊರತು ಅವನ ಗುಣವಲ್ಲವೆಂದು ಮನೆಯವರು ತಿಳಿಯುವುದು. ಹೊಸದಾಗಿ ಮದುವೆಯಾಗಿ ಬಂದ ಸೊಸೆ ಗಂಡನ ಬದಲಾದ ಸ್ವಭಾವವನ್ನು ತನ್ನ ಹಣೆಬರಹವೆಂದು ನುಂಗಿಕೊಂಡಿರುವ ಮನೆಗಳಿವೆ. ಅವಳಿಗೆ ಯಾರಾದರೂ ಈ ಒಂದು ಮಾತನ್ನು ಬಿಡಿಸಿ ಹೇಳಿದ್ದರೆ ಆ ಮನೆಯ ನೋವಿನಲ್ಲಿ ಒಂದು ಪಾಲು ಕಡಿಮೆಯಾಗುತ್ತಿತ್ತು.

ಹೀಗಾಗಿ ನಮ್ಮ ಮೂರು ತಾಲ್ಲೂಕುಗಳ ಆಸ್ಪತ್ರೆಗಳ ಮುಂದೆ ನಾವು ಒಂದು ಸಣ್ಣ ಬೇಡಿಕೆಯನ್ನಿಡುತ್ತೇವೆ. ತಲೆಗೆ ಪೆಟ್ಟಾಗಿ ಬಂದ ಪ್ರತಿಯೊಬ್ಬರ ಹೆಸರೂ ಒಂದು ಪುಸ್ತಕದಲ್ಲಿರಲಿ. ಒಂದು ತಿಂಗಳಿಗೆ, ಮೂರು ತಿಂಗಳಿಗೆ, ಆರು ತಿಂಗಳಿಗೆ, ವರ್ಷಕ್ಕೆ ಒಮ್ಮೆ ಅವರನ್ನು ಕರೆಯಿಸಿ ನೆನಪು, ನಿದ್ರೆ, ಸಿಟ್ಟು, ತಲೆನೋವು, ತಲೆಸುತ್ತು, ಫಿಟ್ಸ್, ಕೆಲಸಕ್ಕೆ ಹೋಗುತ್ತಿದ್ದಾರೆಯೇ ಎಂಬ ಏಳೆಂಟು ಪ್ರಶ್ನೆಗಳನ್ನು ಕೇಳಲಿ. ಉತ್ತರವನ್ನು ಮನೆಯವರಿಂದಲೂ ಕೇಳಲಿ, ಏಕೆಂದರೆ ಪೆಟ್ಟಾದವನಿಗೆ ತನ್ನ ಬದಲಾವಣೆ ಎಷ್ಟೋ ಸಲ ಕಾಣುವುದಿಲ್ಲ. ಇದಕ್ಕೆ ಹೊಸ ಕಟ್ಟಡ ಬೇಡ, ಯಂತ್ರ ಬೇಡ. ತಾಲ್ಲೂಕು ಮಟ್ಟದಲ್ಲಿ ಮಂಗಳವಾರದ ಮಾನಸಿಕ ಆರೋಗ್ಯ ತಪಾಸಣೆಗೆಂದು ರಾಜ್ಯವೇ ರೂಪಿಸಿದ ‘ಮನೋಚೈತನ್ಯ’ ಕಾರ್ಯಕ್ರಮವಿದೆ. ಅದರಲ್ಲಿಯೇ ಇವರಿಗೂ ಒಂದು ಸ್ಥಾನ ಕೊಡಬಹುದು. 2022ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಜೊತೆಗೂಡಿ ಸರಕಾರ ಆರಂಭಿಸಿದ ಮೆದುಳಿನ ಆರೋಗ್ಯದ ಯೋಜನೆ ಪಾರ್ಶ್ವವಾಯು, ಮೂರ್ಛೆರೋಗ, ತಲೆನೋವು, ಮರೆವಿನ ಕಾಯಿಲೆಗಳತ್ತ ಗಮನ ಹರಿಸಿದೆ. ಒಳ್ಳೆಯದೇ. ತಲೆಯ ಗಾಯದ ನಂತರದ ಬದುಕನ್ನೂ ಆ ಪಟ್ಟಿಗೆ ಸೇರಿಸಬೇಕೆಂಬುದು ನಮ್ಮ ಒತ್ತಾಯ. ಗೋಕಾಕದಿಂದ ಬೆಳಗಾವಿಗೆ ಸುಮಾರು 70 ಕಿಲೋಮೀಟರು, ಮೂಡಲಗಿಯವರಿಗೆ ಇನ್ನೂ ದೂರ. ನಾಲ್ಕು ಪ್ರಶ್ನೆ ಕೇಳಿಸಿಕೊಳ್ಳಲು ಕೂಲಿ ಬಿಟ್ಟು ಅಷ್ಟು ದೂರ ಹೋಗೆಂದರೆ ಯಾರೂ ಹೋಗುವುದಿಲ್ಲ, ಹೋಗದಿದ್ದುದನ್ನು ನಿರ್ಲಕ್ಷ್ಯವೆಂದು ಬಯ್ಯುವುದೂ ನ್ಯಾಯವಲ್ಲ. ಸದ್ಯಕ್ಕೆ ಮನಸ್ಸಿನ ತೊಂದರೆಗಳಿಗೆ 14416 ಎಂಬ ಟೆಲಿ ಮಾನಸ್ ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಹಿರಿಯರ ಬಗ್ಗೆ ಒಂದು ಮಾತು ಪ್ರತ್ಯೇಕವಾಗಿ ಹೇಳಬೇಕು. ಅರವತ್ತು ದಾಟಿದವರು ಬಚ್ಚಲಲ್ಲಿ ಜಾರಿ ತಲೆ ತಗುಲಿಸಿಕೊಂಡು, ಅಂದು ಏನೂ ಆಗದೆ, ಎರಡು ಮೂರು ವಾರಗಳ ನಂತರ ಮಂಕಾಗುವುದು, ನಡಿಗೆ ತಪ್ಪುವುದು, ಒಂದು ಕೈಕಾಲು ಸೋಲುವುದು ಉಂಟು. ಮೆದುಳಿನ ಹೊದಿಕೆಯ ಕೆಳಗೆ ನಿಧಾನವಾಗಿ ರಕ್ತ ಕಟ್ಟುವುದರಿಂದ ಹೀಗಾಗುತ್ತದೆ. ರಕ್ತ ತೆಳುವಾಗುವ ಗುಳಿಗೆ ತಿನ್ನುವವರಲ್ಲಿ ಇದರ ಭಯ ಹೆಚ್ಚು. ‘ವಯಸ್ಸಾಯ್ತು, ಮರವಿ ಬಂತು’ ಎಂದು ಸುಮ್ಮನಾದರೆ, ಶಸ್ತ್ರಚಿಕಿತ್ಸೆಯಿಂದ ಗುಣವಾಗಬಹುದಾದ ಹಿರಿಯರನ್ನು ಕಳೆದುಕೊಳ್ಳುತ್ತೇವೆ. ಪೆಟ್ಟಾದ ಮೊದಲ ದಿನಗಳಲ್ಲಿ ಯಾವ ವಯಸ್ಸಿನವರಿಗೇ ಆಗಲಿ ಮತ್ತೆ ಮತ್ತೆ ವಾಂತಿ, ಹೆಚ್ಚುತ್ತಿರುವ ತಲೆನೋವು, ಎಬ್ಬಿಸಿದರೂ ಏಳದ ಮಂಪರು, ಫಿಟ್ಸ್, ಕಿವಿಯಿಂದಲೋ ಮೂಗಿನಿಂದಲೋ ನೀರಿನಂಥ ದ್ರವ ಸೋರುವುದು ಕಂಡರೆ ಗಳಿಗೆಯೂ ತಡಮಾಡದೆ 108ಕ್ಕೆ ಕರೆ ಮಾಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕುವುದು, ಮೂಗಿಗೆ ಉಳ್ಳಾಗಡ್ಡಿ ಹಿಡಿಯುವುದು ಬೇಡವೇ ಬೇಡ.

ಅಪಘಾತವನ್ನು ನೋಡಿಯೂ ‘ಪೊಲೀಸ್ ಕೇಸು ಮೈಮೇಲೆ ಬಂದೀತು’ ಎಂದು ಹಿಂದೆ ಸರಿಯುವವರಿಗೆ ತಿಳಿಯಲೆಂದು ಹೇಳುತ್ತೇವೆ: ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಸೇರಿಸಿದ 134ಎ ಕಲಮು, ಸದುದ್ದೇಶದಿಂದ ನೆರವಾದವರಿಗೆ ಕಾನೂನಿನ ರಕ್ಷಣೆ ಕೊಟ್ಟಿದೆ. ಅವರು ತಮ್ಮ ಹೆಸರನ್ನು ಹೇಳಲೇಬೇಕೆಂಬ ಒತ್ತಾಯವೂ ಇಲ್ಲ.

ಇನ್ನು ಹೆಲ್ಮೆಟ್. ಈ ಮಾತನ್ನು ಎಷ್ಟು ಸಲ ಬರೆದರೂ ಬೇಸರವಿಲ್ಲ. ನಿಮ್ಹಾನ್ಸಿನ ಡಾ. ಜಿ. ಗುರುರಾಜ್ ಅವರು 2002ರಲ್ಲಿ ಬರೆದಂತೆ ನಮ್ಮ ದೇಶದಲ್ಲಿ ಮೆದುಳಿನ ಗಾಯಗಳಲ್ಲಿ ಸುಮಾರು ಶೇ. 60 ರಸ್ತೆಯಿಂದ, ಶೇ. 20–25 ಬೀಳುವುದರಿಂದ ಆಗುತ್ತವೆ. ಕೇಂದ್ರ ಸರಕಾರದ ಲೆಕ್ಕದಲ್ಲಿ 2022ರಲ್ಲಿ ದೇಶದ ರಸ್ತೆಗಳಲ್ಲಿ ಮಡಿದವರು 1,68,491 ಮಂದಿ. ಅವರಲ್ಲಿ 50,029 ಮಂದಿ ಹೆಲ್ಮೆಟ್ ಧರಿಸದ ದ್ವಿಚಕ್ರ ಸವಾರರು ಮತ್ತು ಹಿಂಬದಿ ಕುಳಿತವರು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ಪರಿಶೀಲನೆಯೊಂದು ಹೆಲ್ಮೆಟ್ ತಲೆಯ ಗಾಯವನ್ನು ಸುಮಾರು ಶೇ. 69ರಷ್ಟು, ಸಾವನ್ನು ಶೇ. 42ರಷ್ಟು ತಗ್ಗಿಸುತ್ತದೆಂದು ತೋರಿಸಿದೆ. ಜಗತ್ತಿನ ಯಾವ ಗುಳಿಗೆಯೂ ಇಂದಿನವರೆಗೆ ಮೆದುಳಿನ ಗಾಯಕ್ಕೆ ಇಷ್ಟು ಕೆಲಸ ಮಾಡಿಲ್ಲ. ದಂಡದ ಭಯಕ್ಕೆಂದು ತಲೆಯ ಮೇಲೆ ಇಟ್ಟುಕೊಳ್ಳುವ ಅರ್ಧ ಟೋಪಿಯಂಥದು ಸಾಲದು, ಐ.ಎಸ್.ಐ. ಮುದ್ರೆಯಿದ್ದು, ಗದ್ದದ ಪಟ್ಟಿ ಬಿಗಿದಿದ್ದರೆ ಮಾತ್ರ ಅದು ಹೆಲ್ಮೆಟ್. ಮಠಕ್ಕೆ ಜಾತ್ರೆಗೆ ಬರುವ ಯುವಕರು ಬೈಕಿನ ಕನ್ನಡಿಗೆ ತೂಗುಹಾಕಿಕೊಂಡು ಬರುವುದನ್ನು ನೋಡಿದಾಗ ನಮಗೆ ನಗು ಬರುವುದಿಲ್ಲ. ಕಾರಖಾನೆಗಳೂ ತಮಗೆ ಕಬ್ಬು ತರುವ ಟ್ರೇಲರ್‌ಗಳ ಬೆನ್ನಿಗೆ ಹೊಳೆಯುವ ಪಟ್ಟಿಯಿಲ್ಲದಿದ್ದರೆ ಗೇಟಿನೊಳಗೆ ಬಿಡಬಾರದು. ಒಂದು ಟ್ರೇಲರ್‌ಗೆ ಆಗುವ ಖರ್ಚು ಏನೇನೂ ಅಲ್ಲ.

ಕೊನೆಯದಾಗಿ, ಮೆದುಳಿನ ದಾನ. ಜೀವಂತ ಮನುಷ್ಯನ ಮೆದುಳಿನೊಳಗಿನ ಒಂದೊಂದು ಮೈಕ್ರೋಗ್ಲಿಯಾದ ಆಕಾರವನ್ನು ಕಾಣಬಲ್ಲ ಸ್ಕ್ಯಾನ್ ಇನ್ನೂ ಬಂದಿಲ್ಲ. ಗ್ಲಾಸ್ಗೋದಲ್ಲಿ ಕಂಡುದು ಮರಣಾನಂತರ ಸಂಗ್ರಹಿಸಿದ ಮೆದುಳುಗಳಿಂದ. ನಮ್ಮ ನಾಡಿನಲ್ಲಿ ಈ ಕೆಲಸಕ್ಕೆ ನಿಮ್ಹಾನ್ಸಿನಲ್ಲಿ 1995ರಿಂದ ಮೆದುಳು ಬ್ಯಾಂಕ್ ಇದೆ. ಅದನ್ನು ಕಟ್ಟಿ ಬೆಳೆಸಿದವರು ಡಾ. ಎಸ್. ಕೆ. ಶಂಕರ್. ಬಂಧುಗಳ ಒಪ್ಪಿಗೆಯ ಮೇಲೆ ಪಡೆದ ಮೆದುಳುಗಳನ್ನು ಅಲ್ಲಿ ಕಾಪಿಟ್ಟು ಸಂಶೋಧಕರಿಗೆ ಕೊಡುತ್ತಾರೆ. ದೇಹದಾನ ನಮ್ಮ ಜಿಲ್ಲೆಗೆ ಹೊಸದಲ್ಲ. ಬೈಲಹೊಂಗಲದ ಡಾ. ಬಸವಣ್ಣೆಪ್ಪ ರಾಮಣ್ಣವರ ಅವರು ದಾನ ಮಾಡಿದ ದೇಹವನ್ನು 2010ರಲ್ಲಿ ಬೆಳಗಾವಿಯಲ್ಲಿ ಅವರ ಮಗ ಡಾ. ಮಹಾಂತೇಶ ರಾಮಣ್ಣವರ ಅವರೇ ವಿದ್ಯಾರ್ಥಿಗಳ ಮುಂದೆ ವಿಚ್ಛೇದಿಸಿ ಪಾಠ ಹೇಳಿದುದನ್ನು ಅನೇಕರು ಬಲ್ಲರು. ಮೆದುಳಿನ ದಾನದಲ್ಲಿ ಇಡೀ ದೇಹವನ್ನು ಕೊಡಬೇಕಾಗಿಲ್ಲ. ಮುಖ ಕೆಡುವುದಿಲ್ಲ, ದೇಹ ಮನೆಗೆ ಮರಳುತ್ತದೆ, ಸಮಾಧಿ ಸಂಸ್ಕಾರ ನಮ್ಮ ಪದ್ಧತಿಯಂತೆಯೇ ನಡೆಯುತ್ತದೆ. ಅಪಘಾತದಲ್ಲಿ ಮಡಿದವರಿಗೆ ಶವಪರೀಕ್ಷೆ ಕಾನೂನಿನಂತೆ ಹೇಗೂ ಆಗುತ್ತದೆ.

ಅಡ್ಡಿಯಿರುವುದು ಶ್ರದ್ಧೆಯಲ್ಲಲ್ಲ, ದೂರದಲ್ಲಿ. ಮೆದುಳನ್ನು ಮರಣದ ನಂತರ ಕೆಲವೇ ಗಂಟೆಗಳಲ್ಲಿ ತೆಗೆಯದಿದ್ದರೆ ಈ ಕೋಶಗಳ ಆಕಾರವೇ ಕೆಟ್ಟುಹೋಗಿ ಅಳತೆ ಸುಳ್ಳಾಗುತ್ತದೆ. ಗೋಕಾಕದಿಂದ ಬೆಂಗಳೂರಿಗೆ ಒಂದು ರಾತ್ರಿಯ ಪ್ರಯಾಣ. ಧಾರವಾಡದ ಡಿಮ್ಹಾನ್ಸ್ ಸಂಸ್ಥೆಯಲ್ಲಿಯೋ ಬೆಳಗಾವಿಯ ವೈದ್ಯಕೀಯ ಕಾಲೇಜುಗಳಲ್ಲಿಯೋ ಇಂಥ ಸಂಗ್ರಹದ ಒಂದು ಶಾಖೆ ತೆರೆದರೆ ಉತ್ತರ ಕರ್ನಾಟಕದವರ ಮೆದುಳಿನ ಗಾಯದ ಬಗ್ಗೆ ಇಲ್ಲಿಯೇ ಅಧ್ಯಯನ ನಡೆದೀತು. ನಮ್ಮ ಭಾಗದ ಶಾಸಕರೂ ಸಂಸದರೂ ಈ ವಿಷಯವನ್ನು ಆರೋಗ್ಯ ಇಲಾಖೆಯ ಮುಂದಿಡಬೇಕು. ಅಲ್ಲಿಯವರೆಗೆ, ತಾಲ್ಲೂಕು ಆಸ್ಪತ್ರೆಯ ಆ ಪುಸ್ತಕಕ್ಕೆ ಬೇಕಾದ ಪ್ರಶ್ನೆಗಳ ಪಟ್ಟಿಯನ್ನು ಕನ್ನಡದಲ್ಲಿ ಸಿದ್ಧಪಡಿಸಿಕೊಡಲು ಮುಂದೆ ಬರುವ ವೈದ್ಯರಿದ್ದರೆ, ಅದನ್ನು ಅಚ್ಚು ಹಾಕಿಸಿ ಮೂರೂ ತಾಲ್ಲೂಕುಗಳ ಆಸ್ಪತ್ರೆಗಳಿಗೆ ತಲುಪಿಸುವ ಹೊಣೆಯನ್ನು ಈ ಪತ್ರಿಕೆ ಹೊರುತ್ತದೆ.